ಗಂಟಿನ ಕೆಳಗಿನ ಚಿಗುರು

ಫಕೀರಸಾಬ ಕಾಕಾ ಅವರ ಅಂಗಳದ ಮೋಸಂಬಿ ಗಿಡ ಕೊಯ್ದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಈ ಕತೆಯನ್ನು ಯಾರು ಹೇಳಿದರೂ ಅಲ್ಲಿಂದಲೇ ಶುರು ಮಾಡುತ್ತಾರೆ. ನಾನು ಬಸವಪ್ರಸಾದ, ಬಸ್ ಸ್ಟ್ಯಾಂಡಿನ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ತಾಮ್ರದ ತಂತಿ ಸುತ್ತುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಆ ಗಿಡಕ್ಕೆ ಕೈ ಹಾಕಲು ಹೇಳಿದವಳು ನಮ್ಮವ್ವ ನೀಲವ್ವ. ಆದರೆ ಗರಗಸ ನನ್ನ ಕೈಯಲ್ಲಿತ್ತು, ಹಾಗಾಗಿ ಬೈಗುಳವೂ ನನ್ನ ಪಾಲಿಗೇ ಬಂತು. ಇವತ್ತಿಗೂ ಬರುತ್ತಿದೆ.

ಕಾಕಾ ನಮ್ಮ ಪಕ್ಕದ ಮನೆಯವರು. ಅವರ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವೆ ಎದೆಯೆತ್ತರದ ಒಂದು ಕಲ್ಲಿನ ಗೋಡೆ. ಇಪ್ಪತ್ತೇಳು ವರ್ಷ ಅವರು ನರಗುಂದದ ಕಡೆಯ ಒಂದು ಸಸಿ ತೋಟದಲ್ಲಿ ಕಸಿ ಕಟ್ಟುವ ಕೆಲಸ ಮಾಡಿದರು. ಸೋಮವಾರ ನಸುಕಿಗೆ ಬಸ್ಸು ಹತ್ತಿದರೆ ಮತ್ತೆ ಮನೆ ಕಾಣುವುದು ಶನಿವಾರ ಸಂಜೆಯೇ. ಬಂದವರ ಅಂಗೈಯಲ್ಲಿ, ಮುಂಗೈಯಲ್ಲಿ ನಿಂಬೆ ಜಾತಿಯ ಗಿಡಗಳ ಮುಳ್ಳಿನ ಮೊನೆಗಳು ಉಳಿದಿರುತ್ತಿದ್ದವು. ಬಾನುಬಿ ಕಾಕು ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ಸೂಜಿಯಿಂದ ತೆಗೆಯುತ್ತಿದ್ದರು. ಗಂಡ ಹೆಂಡತಿ ಮನೆಯಲ್ಲಿ ಮಾತಾಡುವುದು ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ಗೋಡೆಯ ಈಚೆಗಿರುವ ಸಾಕ್ಷಿದಾರರಿಗೂ ತಿಳಿಯಲಿ ಎಂದು.

ಜಗಳದ ವಿಷಯ ಹೆಚ್ಚುಕಡಿಮೆ ಒಂದೇ. ಆ ಸಸಿ ತೋಟದ ನಡುವೆ ಒಂದು ಮೋಸಂಬಿಯ ತಾಯಿಗಿಡವಿತ್ತು. ಕಾಕಾ ಕಸಿಗೆ ಕಣ್ಣು, ಅಂದರೆ ಮೊಗ್ಗಿರುವ ತೊಗಟೆಯ ಚೂರು, ತೆಗೆಯುತ್ತಿದ್ದದ್ದು ಅದರಿಂದಲೇ. ಅದರ ಹಣ್ಣು ಸಕ್ಕರೆ, ಬಾಯಲ್ಲಿ ಇಟ್ಟರೆ ನೀರು, ಅಂಥ ಹಣ್ಣು ಈ ಕಡೆ ಎಲ್ಲೂ ಇಲ್ಲ ಎಂದು ಪ್ರತಿ ಶನಿವಾರ ವರ್ಣನೆ ಮಾಡುತ್ತಿದ್ದರು. ಕೇಳಿ ಕೇಳಿ ಕಾಕುಗೆ ಸಾಕಾಗಿತ್ತು. ಅಷ್ಟು ಸಿಹಿ ಇದ್ದರೆ ಒಂದನ್ನಾದರೂ ಮನೆಗೆ ತರಬಾರದೇ ಎಂದು ಅವರು, ಮಾರಿದ ಮಾಲಿಗೆ ಕೈ ಹಚ್ಚುವುದು ಹೇಗೆ ಎಂದು ಇವರು. ಹಣ್ಣು ಗಿಡದಲ್ಲಿ ಇರುವಾಗಲೇ ರೋಣದ ಒಬ್ಬ ವ್ಯಾಪಾರಿಗೆ ಪೂರ್ತಿ ಗುತ್ತಿಗೆ ಹೋಗುತ್ತಿತ್ತು. ಉಳಿದ ಆಳುಗಳು ಬುತ್ತಿ ಚೀಲದಲ್ಲಿ ಒಂದೆರಡು ಹಾಕಿಕೊಂಡು ಹೋಗುತ್ತಿದ್ದರಂತೆ. ಕಾಕಾ ಕೆಳಗೆ ಬಿದ್ದದ್ದನ್ನೂ ವ್ಯಾಪಾರಿಯ ಬುಟ್ಟಿಗೆ ಹಾಕಿ ಬರುವ ಜಾತಿ. ಊರಿಗೆಲ್ಲ ಹಣ್ಣು ತಿನ್ನಿಸುವ ಮನುಷ್ಯ, ನನ್ನ ಪಾಲಿಗೆ ಬರೀ ಮುಳ್ಳು ತರುತ್ತಾನೆ ಎಂದು ಕಾಕು ನಮ್ಮವ್ವನ ಹತ್ತಿರ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಹೇಳುವುದನ್ನು ಒಂದು ವಾರವೂ ಬಿಡುತ್ತಿರಲಿಲ್ಲ.

ಕಸಿ ಎಂದರೇನು ಎಂದು ಓಣಿಯವರಿಗೆಲ್ಲ ಕಾಕಾ ನೂರು ಸಲ ಹೇಳಿದ್ದಾರೆ. ಬೇರು ಒಂದು ಗಿಡದ್ದು, ಗಟ್ಟಿಮುಟ್ಟಾದ ಕಾಡು ಜಾತಿಯದು. ತಲೆ ಇನ್ನೊಂದರದ್ದು, ಒಳ್ಳೆ ಹಣ್ಣಿನದು. ಎರಡೂ ಸೇರಿದ ಜಾಗದಲ್ಲಿ ಒಂದು ಗಂಟು. ಗಂಟಿನ ಮೇಲೆ ಬಂದದ್ದು ಹಣ್ಣು ಕೊಡುತ್ತದೆ. ಕೆಳಗೆ ಚಿಗುರಿದ್ದು ಬರೀ ಮುಳ್ಳು, ಹುಳಿ. ಅದನ್ನು ಬಿಟ್ಟರೆ ಮೇಲಿನದರ ಅನ್ನ ಕಸಿದುಕೊಂಡು ಬೆಳೆಯುತ್ತದೆ. ಸಸಿ ಒಯ್ಯಲು ಬಂದ ಪ್ರತಿಯೊಬ್ಬ ರೈತನಿಗೂ ಗಂಟು ಮುಟ್ಟಿಸಿ ತೋರಿಸಿ, ಕೆಳಗಿನ ಚಿಗುರನ್ನು ಕಂಡ ಕೂಡಲೇ ಚಿವುಟಬೇಕು ಎಂದು ಹೇಳಿ ಕಳಿಸುತ್ತಿದ್ದರು. ಅವರೆಲ್ಲ ಹೌದ್ರಿ ಹೌದ್ರಿ ಎಂದು ತಲೆ ಆಡಿಸಿ ಹೋಗುತ್ತಿದ್ದರು.

ಎರಡು ಸಾವಿರದ ಎರಡರಲ್ಲಿ ಕಣ್ಣು ಮಂಜಾಗಿ ಕಾಕಾ ಕೆಲಸ ಬಿಟ್ಟರು. ತೋಟದ ಮಾಲೀಕರು ಎಲ್ಲೋ ತಂಪು ಸೀಮೆಗೆ ಹೋದಾಗ ಒಂದು ಹಿಡಿ ಬೀಜ ತಂದಿದ್ದರು. ಅದು ಮೂರೆಲೆ ಕಿತ್ತಳೆಯ ಬೀಜ. ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ, ಬೆರಳುದ್ದದ ಹಸಿರು ಮುಳ್ಳು, ತಿಂದರೆ ಮುಖ ಕಿವುಚುವಂಥ ಹಣ್ಣು. ಆದರೆ ಬೇರು ಭಾರಿ ಗಟ್ಟಿ, ಬೇಗ ಕೊಳೆಯುವುದಿಲ್ಲ, ಗಿಡ ಅಂಗಳಕ್ಕೆ ಒಪ್ಪುವಷ್ಟು ಗಿಡ್ಡ. ಹುಟ್ಟಿದ್ದು ಎರಡೋ ಮೂರೋ ಸಸಿ. ಅದರಲ್ಲಿ ಒಂದಕ್ಕೆ ತಾಯಿಗಿಡದ ಕಣ್ಣು ಕೂಡಿಸಿ, ಮಾಲೀಕರನ್ನು ಕೇಳಿ ಪಡೆದು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕಾಕಾ ಮನೆಗೆ ಬಂದರು. ಗುಡ್ಡದ ಬುಡದಿಂದ ಕೆಂಪು ಮಣ್ಣು ಹೊತ್ತು ತಂದು ಗೋಡೆಯ ಪಕ್ಕ ನೆಟ್ಟರು. ಮರುವರ್ಷ ಆ ತೋಟ ಪಾಲಾಗಿ, ಪ್ಲಾಟುಗಳಾಗಿ, ತಾಯಿಗಿಡ ಬುಡಸಮೇತ ಹೋಯಿತು. ಸುದ್ದಿ ಬಂದ ದಿನ ಕಾಕಾ ಗಿಡದ ಪಕ್ಕ ನಿಂತು ಕಾಕುಗೆ ಒಂದು ಮಾತು ಕೊಟ್ಟರು. ಅದು ಗೋಡೆಯ ಈಚೆ ನಮಗೂ ಕೇಳಿತು.

"ಇನ್ನ ಎರಡ ವರ್ಷ ತಡಿ. ಅದ ಹಣ್ಣು, ನಮ್ಮ ಗಿಡದ್ದು, ನಿನ್ನ ಕೈಯಾಗ ಇಡ್ತೀನಿ."

ಎರಡು ಸಾವಿರದ ಐದರ ಮಳೆಗಾಲದಲ್ಲಿ ಹೊಳೆಆಲೂರಿನಲ್ಲಿದ್ದ ಮಗಳು ಗುಲ್ಷನಳಿಗೆ ಬಸಿರಿನಲ್ಲಿ ತೊಂದರೆಯಾಯಿತು. ಹಾಸಿಗೆ ಬಿಟ್ಟು ಏಳಬಾರದು ಎಂದರಂತೆ ದವಾಖಾನೆಯಲ್ಲಿ. ಗಂಡ ಹೆಂಡತಿ ಇಬ್ಬರೂ ಹೊರಟು ನಿಂತರು. ಗಿಡಕ್ಕೆ ನೀರು ಹಾಕುವ ಕೆಲಸ ನಮ್ಮವ್ವನಿಗೆ. ಗಂಟಿನ ಕೆಳಗೆ ಚಿಗುರು ಬಂದರೆ ಚಿವುಟಲು ಹೇಳಿದ್ದೆ ಎಂದು ಕಾಕಾ ಆಣೆ ಮಾಡುತ್ತಾರೆ. ಹೇಳಿರಬಹುದು. ಬಸ್ಸಿಗೆ ಹೊತ್ತಾಗಿತ್ತು, ಅವ್ವನ ಕೈಯಲ್ಲಿ ಹಿಟ್ಟಿತ್ತು, ಅವಳು ಹೂಂ ಅಂದಿರುತ್ತಾಳೆ. ಅವಳು ಎಲ್ಲದಕ್ಕೂ ಹೂಂ ಅನ್ನುತ್ತಾಳೆ.

ನಮ್ಮವ್ವ ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡದೆ ಬಾಯಿಗೆ ನೀರು ಹಾಕುವವಳಲ್ಲ. ಪೂಜೆಗೆ ಪತ್ರಿ ಬೇಕು, ಅಂದರೆ ಬಿಲ್ವದ ಎಲೆ. ಮೂರೆಲೆ ಕೂಡಿಯೇ ಇರಬೇಕು, ಒಂದು ಹರಿದಿದ್ದರೂ ನಡೆಯದು. ಪತ್ರಿ ಗಿಡ ಇದ್ದದ್ದು ಗುಡ್ಡದ ದಾರಿಯ ಒಂದು ತೋಟದಲ್ಲಿ. ಮೊಣಕಾಲು ಹಿಡಿದ ಮೇಲೆ ಅವಳಿಗೆ ಅಲ್ಲಿಯ ತನಕ ನಡೆಯುವುದು ಆಗುತ್ತಿರಲಿಲ್ಲ. ನಾನು ತರುತ್ತೇನೆ ಎಂದು ಹೇಳಿ ಮರೆಯುತ್ತಿದ್ದೆ. ಪತ್ರಿ ಇಲ್ಲದ ದಿನ ಅವಳ ಮುಖ ನೋಡುವುದು ಬೇಡವಾಗಿರುತ್ತಿತ್ತು.

ಕಾಕಾ ಹೋದ ತಿಂಗಳಲ್ಲೇ ಯಾರದೋ ಆಡು ಅಂಗಳಕ್ಕೆ ನುಗ್ಗಿ ಮೋಸಂಬಿಯ ಮೆತ್ತನೆಯ ಎಲೆಯನ್ನೆಲ್ಲ ತಿಂದು, ತೊಗಟೆ ಸುಲಿದು ಹೋಯಿತು. ಸ್ವಲ್ಪ ದಿನಕ್ಕೆ ಬುಡದಿಂದ ಹೊಸ ಚಿಗುರು ಬಂತು. ಅವ್ವ ನೀರು ಹಾಕಲು ಹೋದವಳು ಬಗ್ಗಿ ನೋಡಿದಳು. ಮೂರು ಎಲೆ! ಮುಳ್ಳು! ನನ್ನನ್ನು ಕೂಗಿದ ಕೂಗಿಗೆ ನಾನು ಚಹಾ ಬಿಟ್ಟು ಓಡಿದೆ.

"ಪ್ರಸಾದ, ನಡೀಲಾರದಾಕಿ ಅಂತ ಪತ್ರಿ ತಾನ ಮನೀಗೆ ಬಂದೈತಿ ನೋಡಪಾ," ಅಂದಳು. ಕಣ್ಣಲ್ಲಿ ನೀರು.

ನಾನೂ ನೋಡಿದೆ. ನನಗೂ ಪತ್ರಿಯೇ ಕಂಡಿತು. ಮೂರೆಲೆ ಮತ್ತು ಮುಳ್ಳು ಕಂಡ ಮೇಲೆ ನಮ್ಮ ಕಡೆಯ ಯಾರಿಗೆ ಇನ್ನೇನು ಕಾಣುತ್ತದೆ? ಚಿವುಟುವ ಮಾತು ಅವಳಿಗೆ ನೆನಪಾಗಿದ್ದರೂ ಚಿವುಟುತ್ತಿರಲಿಲ್ಲ. ಪತ್ರಿ ಗಿಡವನ್ನು ಯಾರೂ ಕಡಿಯುವುದಿಲ್ಲ. ಮೇಲಿನ ಒಣಕಾಂಡ ಅದಕ್ಕೆ ಅಡ್ಡವಾಗುತ್ತದೆ, ಕೊಯ್ದು ಬಿಡು ಎಂದಳು. ನಾನು ಒಂದು ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಗರಗಸ ತಂದು, ಗಂಟಿಗೆ ಸರಿಯಾಗಿ ಕೊಯ್ದು, ಮೇಲೆ ಸಗಣಿ ಮೆತ್ತಿ, ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿದೆ. ಎಷ್ಟು ಚೊಕ್ಕಟವಾಗಿ ಕೊಯ್ದಿದ್ದೇನೆ ಎಂದು ನನಗೇ ಹೆಮ್ಮೆಯಾಗಿತ್ತು.

ನಾಲ್ಕು ತಿಂಗಳ ಮೇಲೆ ಕಾಕಾ, ಕಾಕು ಬಂದರು. ಮೊಮ್ಮಗಳು ಹುಟ್ಟಿದ ಸಂತೋಷ, ಕೈಯಲ್ಲಿ ಪೇಢೆ. ಕಾಕಾ ಚಪ್ಪಲಿ ಬಿಡದೆ ನೇರ ಗೋಡೆಯ ಕಡೆ ಹೋದರು. ಬುಡದಿಂದ ನಾಲ್ಕು ಟೊಂಗೆ ಸೊಂಟದೆತ್ತರ ಎದ್ದು ನಿಂತಿದ್ದವು. ಬುಡದಲ್ಲಿ ಅವ್ವ ಹಚ್ಚಿದ ಕುಂಕುಮ. ಮೇಲಿನದು ಎಲ್ಲಿ ಎಂದು ಕೇಳಿದರು. ಒಣಗಿತ್ತು, ನಾನೇ ಕೊಯ್ದು ಚೊಕ್ಕಟ ಮಾಡಿದೆ, ಬಚ್ಚಲ ಒಲೆಗೆ ಹಾಕಿದೆವು ಎಂದೆ. ಶಹಬ್ಬಾಸ್ ಅನ್ನುತ್ತಾರೆ ಎಂದು ಕಾದೆ. ಕಾಕಾ ಅಲ್ಲೇ ಮಣ್ಣಿನಲ್ಲಿ ಕೂತರು. ಪೇಢೆಯ ಪೊಟ್ಟಣ ತೊಡೆಯ ಮೇಲೆಯೇ ಇತ್ತು.

ಆಮೇಲೆ ಬಂತು ಸಿಟ್ಟು. ಆಡಿಗೆ ಬೈದರು, ನನಗೆ ಬೈದರು, ನನ್ನ ಗರಗಸಕ್ಕೆ ಬೈದರು, ಮಗಳನ್ನು ಹೊಳೆಯ ದಂಡೆಗೆ ಕೊಟ್ಟ ತಮ್ಮ ಬುದ್ಧಿಗೆ ಬೈದುಕೊಂಡರು. ಆಡು ತಿಂದಿದ್ದರೇನು, ಗಂಟಿನ ಮೇಲೆ ಒಂದು ಬೆರಳು ಹಸಿ ಉಳಿದಿದ್ದರೂ ಚಿಗಿಸಿಬಿಡುತ್ತಿದ್ದೆ ಎಂದರು. ನನಗೆ ಆಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎರಡನೆಯ ವಾರವೂ ಅವರು ದಿನಾ ಅಂಗಡಿಗೆ ಬಂದು ಅದನ್ನೇ ಹೇಳತೊಡಗಿದಾಗ ನನಗೂ ಸಿಟ್ಟು ಬಂತು, ಅದೂ ಖರೆ. ಮೋಟರ್ ಸುಟ್ಟುಕೊಂಡು ಬಂದ ಗಿರಾಕಿಗಳಿಗೆಲ್ಲ ನನ್ನ ಗರಗಸದ ಕತೆ ಬಾಯಿಪಾಠವಾಗಿತ್ತು.

ಇದು ಪತ್ರಿ ಅಲ್ಲ ಎಂದು ಅವ್ವನಿಗೆ ತೋರಿಸಿಕೊಡಲು ಕಾಕಾ ಗುಡ್ಡದ ದಾರಿಯ ತೋಟದಿಂದ ಖರೆ ಬಿಲ್ವದ ಎಲೆ ತಂದರು. ಎರಡನ್ನೂ ಗೋಡೆಯ ಮೇಲೆ ಪಕ್ಕಪಕ್ಕ ಇಟ್ಟರು. ಬಿಲ್ವದಲ್ಲಿ ನಡುವಿನ ಎಲೆಗೆ ಉದ್ದನೆಯ ತೊಟ್ಟು, ಇದರಲ್ಲಿ ಮೂರೂ ಒಂದೇ ಕಡೆ ಅಂಟಿಕೊಂಡಿವೆ. ಇದರ ತೊಟ್ಟಿಗೆ ಎರಡೂ ಬದಿ ಸಣ್ಣ ರೆಕ್ಕೆ ಇದೆ, ಅದಕ್ಕಿಲ್ಲ. ತಿಕ್ಕಿ ಮೂಸಿ ನೋಡು ಎಂದರು. ಅವ್ವ ಮೂಸಿ ನೋಡಿದಳು. ಬೇರೆ ಐತಿ ಎಂದು ಒಪ್ಪಿಕೊಂಡಳು. ಕಾಕಾ ಗೆದ್ದೆ ಎಂದುಕೊಂಡು ಕುಡುಗೋಲಿಗೆ ಕೈ ಹಾಕಿದರು.

"ಅಣ್ಣಾ, ಮೂರ ತಿಂಗಳ ಇದನ್ನ ಲಿಂಗಕ್ಕ ಏರಿಸೀನಿ," ಅಂದಳು ಅವ್ವ. "ಏರಿಸಿದ ಮ್ಯಾಲೆ ಅದು ಪತ್ರಿನ. ಈಗ ಅಲ್ಲಂದ್ರ ಅಷ್ಟೂ ದಿನದ ಪೂಜಿ ಏನಾತು?"

ಕಾಕಾ ಹೆಂಡತಿಯ ಕಡೆ ನೋಡಿದರು. ಬಾನುಬಿ ಕಾಕು ಅಕ್ಕಿ ಆರಿಸುತ್ತಾ, ನೀಲವ್ವ ಹೇಳುವುದು ಸರಿ ಇದೆ ಎಂದುಬಿಟ್ಟರು. ಕಾಕಾ ಕುಡುಗೋಲು ಎಸೆದು ಮಸೀದಿಗೆ ಹೋದರು.

ಹಾಗೆಂದು ಕೈಚೆಲ್ಲಿ ಕೂಡುವ ಮನುಷ್ಯನಲ್ಲ. ಬೇರು ಗಟ್ಟಿ ಇದೆ, ಅದೇ ತಾಯಿಗಿಡದ ಒಂದು ಕಣ್ಣು ಸಿಕ್ಕರೆ ಮತ್ತೆ ಕೂಡಿಸಬಹುದು. ತಾಯಿಗಿಡ ಇಲ್ಲ, ಆದರೆ ಅದರ ಮಕ್ಕಳು ಊರೂರಲ್ಲಿ ಇರಬೇಕಲ್ಲ. ಯಾರು ಯಾವ ವರ್ಷ ಒಯ್ದರು ಎಂದು ಕಾಕಾಗೆ ನೆನಪಿತ್ತು. ಕೊಯ್ದವನೇ ಕರೆದುಕೊಂಡು ಹೋಗಬೇಕು ಎಂದು ಕಾಕು ತೀರ್ಪು ಕೊಟ್ಟರು. ಮಾಘ ಮಾಸದ ಒಂದು ರವಿವಾರ ಅಂಗಡಿ ಮುಚ್ಚಿ, ಕಾಕಾ ಅವರನ್ನು ಟಿವಿಎಸ್ ಮೇಲೆ ಕೂಡಿಸಿಕೊಂಡು ಹೊರಟೆ.

ಮೊದಲು ಲಕ್ಕಲಕಟ್ಟಿಯ ಕಳಕಪ್ಪನ ಹೊಲ. ಗಿಡ ಇದ್ದ ಜಾಗದಲ್ಲಿ ಎಮ್ಮೆಯ ಕೊಟ್ಟಿಗೆ ಎದ್ದಿತ್ತು. ಹಣ್ಣು ಭಾಳ ಚಲೋ ಇದ್ದವು ಎಂದು ಕಳಕಪ್ಪ ಮನಸಾರೆ ಹೊಗಳಿ, ಮಜ್ಜಿಗೆ ಕೊಟ್ಟ. ಕಾಕಾ ಮಜ್ಜಿಗೆ ಕುಡಿಯಲಿಲ್ಲ. ಸೂಡಿಗೆ ಗಾಡಿ ತಿರುಗಿಸಿದೆ.

ಸೂಡಿಯಲ್ಲಿ ಮರಿಯವ್ವ ಎಂಬಾಕೆಯ ಬಾವಿಯ ಪಕ್ಕ ದೂರದಿಂದಲೇ ಕಂಡಿತು, ಎರಡಾಳು ಎತ್ತರದ ಗಿಡ, ಮೈತುಂಬ ಹಳದಿ ಹಣ್ಣು. ಗಾಡಿ ನಿಲ್ಲುವ ಮೊದಲೇ ಕಾಕಾ ಇಳಿದು ಬಾವಿಯ ಕಡೆ ಓಡಿದರು. ಅರವತ್ತು ದಾಟಿದ ಮನುಷ್ಯ ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಗಿಡದ ಕೆಳಗೆ ಹೋಗಿ ಒಂದು ಹಣ್ಣು ಮುಟ್ಟಿದವರು ಕೈ ಹಿಂದೆ ತೆಗೆದರು. ಸಿಪ್ಪೆ ಗಂಟುಗಂಟು, ದಪ್ಪ. ಮೋಸಂಬಿಯಲ್ಲ, ಜಂಬೇರಿ. ಆ ಸಸಿಗೆ ಬೇರಾಗಿ ಕಟ್ಟಿದ್ದ ಹುಳಿ ಜಾತಿ.

ಮರಿಯವ್ವ ಗುರುತು ಹಿಡಿದಳು. ಹತ್ತು ವರ್ಷದಿಂದ ನಿನ್ನನ್ನೇ ಹುಡುಕುತ್ತಿದ್ದೇನೆ, ಮೋಸಂಬಿ ಎಂದು ಹೇಳಿ ಹುಳಿ ಗಿಡ ಕೊಟ್ಟೆ, ಬಂದವರೆಲ್ಲ ಬಾಯಿಗಿಟ್ಟು ಉಗುಳಿ ನಗುತ್ತಾರೆ ಎಂದು ಶುರು ಮಾಡಿದಳು. ಕೆಳಗಿನ ಚಿಗುರು ಚಿವುಟಲು ಹೇಳಿದ್ದೆನಲ್ಲ ಎಂದು ಕಾಕಾ. ಹೇಳಿದ್ದಿ, ಆದರೆ ಕೆಳಗಿನದೇ ದಷ್ಟಪುಷ್ಟ ಇತ್ತು, ಮೇಲಿನದು ಸೊರಗಿತ್ತು, ಯಾವನಾದರೂ ಗಟ್ಟಿ ಇದ್ದದ್ದನ್ನು ಚಿವುಟುತ್ತಾನೇನು ಎಂದು ಅವಳು. ಕಾಕಾ ಹಣೆ ಬಡಿದುಕೊಂಡರು. ಇಪ್ಪತ್ತೇಳು ವರ್ಷದ ಕೆಲಸ ಇಲ್ಲಿ ಹುಳಿಯಾಗಿ, ಅಲ್ಲಿ ಎಮ್ಮೆಯ ಕಾಲಡಿ, ಮನೆಯಲ್ಲಿ ಪತ್ರಿಯಾಗಿ ನಿಂತಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ. ಹೋಗೋಣ ನಡೀರಿ ಎಂದೆ.

ಅವರು ಹೋಗಲಿಲ್ಲ. ಗಿಡದ ಸುತ್ತ ಬಗ್ಗಿ, ಮುಳ್ಳು ಸರಿಸಿ, ಒಳಗೆ ತಲೆ ಹಾಕಿದರು. ಅಂಗಿ ಹರಿಯಿತು, ಕಿವಿಯ ಹತ್ತಿರ ರಕ್ತ ಬಂತು. ಎಷ್ಟೋ ಹೊತ್ತಿನ ಮೇಲೆ ಒಳಗಿಂದ ನನ್ನನ್ನು ಕರೆದರು. ಜಂಬೇರಿಯ ಟೊಂಗೆಗಳ ನಡುವೆ, ಬಿಸಿಲು ಕಾಣದ ಜಾಗದಲ್ಲಿ, ಗಂಟಿನ ಮೇಲಿನಿಂದ ಬಂದ ಒಂದೇ ಒಂದು ಟೊಂಗೆ ಇನ್ನೂ ಜೀವ ಹಿಡಿದಿತ್ತು. ಹಣ್ಣಿಲ್ಲ, ಹೂವಿಲ್ಲ, ಹತ್ತೋ ಹನ್ನೆರಡೋ ಎಲೆ. ಎಲೆಯ ತೊಟ್ಟು ತೋರಿಸಿ ಇದೇ ಎಂದರು. ಎರಡು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಇಟ್ಟುಕೊಂಡರು. ಮರಿಯವ್ವನಿಗೆ, ಈ ಟೊಂಗೆಗೆ ಬಿಸಿಲು ಬಿಡು, ಉಳಿದದ್ದು ಕಡಿ ಎಂದರು. ಹೂಂ ಅಂದಳು. ಕಡಿದಿರಲಿಕ್ಕಿಲ್ಲ.

ಮನೆಗೆ ಬಂದಾಗ ಮೂರು ಗಂಟೆ. ಕಾಕಾ ಚಾಕು ಮಸೆದು ಗಿಡದ ಮುಂದೆ ಕೂತರು. ದಪ್ಪ ಟೊಂಗೆಗೆ ಕಣ್ಣು ಕೂಡಿಸಿ ಉಳಿದ ಮೂರನ್ನು ಕಡಿಯುವ ಲೆಕ್ಕ. ಗೋಡೆಯ ಮೇಲೆ ಅವ್ವನ ಮುಖ ಕಂಡಿತು. ಅಳಲಿಲ್ಲ, ಜಗಳ ತೆಗೆಯಲಿಲ್ಲ. ನಿಮ್ಮ ಗಿಡ, ನಿಮ್ಮ ಅಂಗಳ, ಬೇಡ ಅನ್ನಲು ನಾನ್ಯಾರು ಎಂದಳು. ಆಮೇಲೆ ತನ್ನ ಕಡೆ ಬಾಗಿದ ಸಣ್ಣ ಟೊಂಗೆಯೊಂದನ್ನು ಮುಟ್ಟಿ, ಇದೊಂದನ್ನು ನನಗೆ ಬಿಡು ಎಂದಳು.

"ಮೂವತ್ತ ವರ್ಷ ಮಂದಿಗೆ ಯಾವುದಕ್ಕ ಬೈದೆ, ಅದನ್ನ ನಾನ ನನ್ನ ಕೈಯಿಂದ ಮಾಡ್ಲೇನಕ್ಕಾ?" ಎಂದರು ಕಾಕಾ.

ಕಾಕು ಬಂದು ಗಂಡನ ಪಕ್ಕ ಕೂತು, ಸೂಜಿಯಿಂದ ಅವರ ಮುಂಗೈಯ ಮುಳ್ಳು ತೆಗೆಯತೊಡಗಿದರು. ಕಡ್ಡಿ ಬಾಡುತ್ತಿದೆ, ಲಗೂ ಕಟ್ಟಿರಿ ಎಂದಷ್ಟೇ ಕನ್ನಡದಲ್ಲಿ ಹೇಳಿದರು. ಕಾಕಾ ತೊಗಟೆ ಸೀಳಿ ಕಣ್ಣು ಕೂಡಿಸಿದರು, ಪಟ್ಟಿ ಸುತ್ತಿದರು. ಎರಡು ಟೊಂಗೆ ಕಡಿದರು. ಮೂರನೆಯದರ ಹತ್ತಿರ ಚಾಕು ಒಯ್ದು, ಥೂ ಎಂದು ಎದ್ದು ಹೋದರು. ಅದು ಉಳಿಯಿತು.

ಕಣ್ಣು ಚಿಗಿಯಿತು. ಆದರೆ ಕೆಳಗಿನ ಟೊಂಗೆ ಬಲಿತರೆ ಮೇಲಿನದು ಸೊರಗುತ್ತದೆ. ಹಾಗಾಗಿ ಕಾಕಾ ದಿನಾ ಬೆಳಿಗ್ಗೆ ನಮಾಜು ಮುಗಿಸಿ ಬಂದು, ಆ ಟೊಂಗೆಯ ಎಲೆ ಕಿತ್ತು, ತುದಿ ಚಿವುಟಿ, ಮೂರೆಲೆ ಕೂಡಿದ್ದನ್ನೇ ಆರಿಸಿ ಗೋಡೆಯ ಮೇಲೆ ಇಡುತ್ತಿದ್ದರು. ಇದು ಪತ್ರಿ ಅಲ್ಲ ಎಂದು ದಿನಾ ಹೇಳಿಯೇ ಇಡುತ್ತಿದ್ದರು. ಅವ್ವ ಹೂಂ ಅನ್ನುತ್ತಾ ತೆಗೆದುಕೊಳ್ಳುತ್ತಿದ್ದಳು. ಒಂದು ದಿನ ಜ್ವರ ಬಂದಾಗಲೂ ಕಂಬಳಿ ಹೊದ್ದು ಎದ್ದು ಬಂದು ಕಿತ್ತರು. ಇದು ಪೂಜೆಗಲ್ಲ, ಗಿಡದ ಸಲುವಾಗಿ ಎಂದು ಆ ದಿನ ಎರಡು ಸಲ ಹೇಳಿದರು.

ಎರಡು ಸಾವಿರದ ಒಂಬತ್ತರಲ್ಲಿ ಮೂರು ಕಾಯಿ ನಿಂತವು. ಎರಡನ್ನು ಗುಡ್ಡದಿಂದ ಇಳಿದ ಮಂಗಗಳು ಒಯ್ದವು. ಕಾಕಾ ಮಂಗಗಳಿಗೆ ಉರ್ದುವಿನಲ್ಲೂ ಕನ್ನಡದಲ್ಲೂ ಬೈದರು. ಉಳಿದ ಒಂದಕ್ಕೆ ಹಳೆಯ ಸೀರೆಯ ತುಂಡಿನ ಚೀಲ ಕಟ್ಟಿ, ಮಣ್ಣಿನ ಮೇಲೆ ಖುರ್ಚಿ ಹಾಕಿಕೊಂಡು ಎರಡು ತಿಂಗಳು ಕಾದರು. ಒಂದು ಶನಿವಾರ ಸಂಜೆ ಹಣ್ಣು ಕಿತ್ತು, ಅಂಗಿಯಿಂದ ಒರೆಸಿ, ಬಾನುಬಿ ಕಾಕುವಿನ ಕೈಯಲ್ಲಿ ಇಟ್ಟರು. ನಮ್ಮನ್ನೂ ಕರೆದಿದ್ದರು. ಕಾಕು ಸುಲಿದು, ಒಂದು ತೊಳೆ ಅವ್ವನಿಗೆ, ಒಂದು ನನಗೆ ಕೊಟ್ಟು, ತಾವೊಂದು ಬಾಯಿಗೆ ಹಾಕಿಕೊಂಡರು. ಕಾಕಾ ಅವರ ಮುಖವನ್ನೇ ನೋಡುತ್ತಿದ್ದರು.

"ಇಷ್ಟ ವರ್ಷ ಸಕ್ಕರಿ ಸಕ್ಕರಿ ಅಂದ್ರಿ. ಸ್ವಲ್ಪ ಹುಳಿ ಐತೆಲ್ರಿ," ಅಂದರು ಕಾಕು.

ನನಗೂ ಹಾಗೇ ಅನ್ನಿಸಿತ್ತು, ಹೇಳುವ ಧೈರ್ಯ ಇರಲಿಲ್ಲ. ಇನ್ನೇನು ಸಿಟ್ಟು ಸ್ಫೋಟವಾಗುತ್ತದೆ, ಆಡು, ಗರಗಸ, ಕೆಳಗಿನ ಟೊಂಗೆ ಎಲ್ಲ ಹೊರಬರುತ್ತವೆ ಎಂದು ನಾನು ಬಾಗಿಲ ಕಡೆ ನೋಡಿದೆ. ಕಾಕಾ ಸಿಟ್ಟಾಗಲಿಲ್ಲ. ಕಾಕುವಿನ ಕೈಯಲ್ಲಿದ್ದ ಹಣ್ಣನ್ನು ನೋಡಿದರು.

"ಸಕ್ಕರಿ ಅಂತ ರೋಣದ ವ್ಯಾಪಾರಿ ಅಂತಿದ್ದ," ಅಂದರು. "ನಾ ಎಲ್ಲಿ ತಿಂದೀನಿ?"

ಕಾಕುವಿನ ಕೈ ಬಾಯಿಯ ಹತ್ತಿರ ನಿಂತಿತು. ಇಪ್ಪತ್ತೇಳು ವರ್ಷ ಪ್ರತಿ ಶನಿವಾರ ಗಂಡನಿಗೆ ಆಡಿದ ಚುಚ್ಚುಮಾತುಗಳನ್ನೆಲ್ಲ ನೆನಪು ಮಾಡಿಕೊಳ್ಳುತ್ತಿದ್ದರೋ ಏನೋ. ಗಂಡ ತಾನು ತಿಂದು ತಮಗೆ ಮಾತ್ರ ತರಲಿಲ್ಲ ಎಂದೇ ಅವರು ಅಷ್ಟೂ ವರ್ಷ ತಿಳಿದಿದ್ದರು. ನಾವೂ ಹಾಗೇ ತಿಳಿದಿದ್ದೆವು. ಕಾಕು ಉಳಿದ ಹಣ್ಣನ್ನು ಒಂದು ತೊಳೆಯನ್ನೂ ತೆಗೆದುಕೊಳ್ಳದೆ ಅವರ ಅಂಗೈಗೆ ಹಾಕಿ, ಬೆರಳು ಮಡಚಿದರು.

ಕಾಕಾ ಒಂದೊಂದೇ ತೊಳೆ ತಿಂದರು. ಬೀಜಗಳನ್ನು ಕಿಸೆಗೆ ಹಾಕಿಕೊಂಡರು. ಆಮೇಲೆ ಗಿಡದ ಬುಡಕ್ಕೆ ಹೋಗಿ, ಅವ್ವ ತನಗೆಂದು ಉಳಿಸಿಕೊಂಡಿದ್ದ ಟೊಂಗೆಯನ್ನು ಹಿಡಿದು ನೋಡಿದರು. ಇದೊಂದು ಇಲ್ಲದಿದ್ದರೆ ಹಣ್ಣು ಇನ್ನೂ ಸಿಹಿ ಆಗುತ್ತಿತ್ತು ಎಂದರು. ಕಾಕಾ ಬಗ್ಗಿ, ಮರುದಿನದ ಪೂಜೆಗೆ ಹರಿಯದ ಮೂರೆಲೆ ಹುಡುಕತೊಡಗಿದರು.